ಪ್ಯೂರಿಟಿ: ಸಕ್ಕರೆ ರಸಾಯನದ ಒಂದು ಪದ, ಅದನ್ನು ಅಳೆಯುವ ಮತ್ತು ಬಳಸುವ ಬಗೆ

ಸಕ್ಕರೆ ಕಾರ್ಖಾನೆಯ ಲ್ಯಾಬ್ ವರದಿಯಲ್ಲಿ ಕಾಕಂಬಿಯ, ಅಂದರೆ ಹರಳು ತೆಗೆದ ಮೇಲೆ ಉಳಿಯುವ ಪಾಕದ, ಎದುರು ‘ಪ್ಯೂರಿಟಿ 32.9’ ಎಂದು ಬರೆದಿರುತ್ತದೆ. ಮೊದಲ ಸಲ ನೋಡಿದವರು ಅದರಲ್ಲಿ ಮೂರನೇ ಎರಡು ಪಾಲು ಕೊಳೆ ಎಂದುಕೊಳ್ಳುವುದುಂಟು. ಹಾಗಲ್ಲ. ಈ ಪದಕ್ಕೂ ಸ್ವಚ್ಛತೆಗೂ ಸಂಬಂಧವಿಲ್ಲ, ಕಲಬೆರಕೆಗೂ ಸಂಬಂಧವಿಲ್ಲ. ದ್ರಾವಣದಲ್ಲಿ ಕರಗಿರುವ ಘನಪದಾರ್ಥ 100 ಪಾಲಿದ್ದರೆ ಅದರಲ್ಲಿ ಸುಕ್ರೋಸ್, ಅಂದರೆ ನಾವು ತಿನ್ನುವ ಹರಳು ಸಕ್ಕರೆ, ಎಷ್ಟು ಪಾಲು ಎಂಬುದಷ್ಟೇ ಪ್ಯೂರಿಟಿ. ಉಳಿದ ಪಾಲಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್, ಲವಣಗಳು, ಸಾವಯವ ಆಮ್ಲಗಳು, ಅಂಟು ಪದಾರ್ಥಗಳು ಎಲ್ಲವೂ ಇರುತ್ತವೆ. ಗ್ಲೂಕೋಸ್ ಕೂಡ ಸಕ್ಕರೆಯೇ ಅಲ್ಲವೇ ಎಂದರೆ ಹೌದು, ರಸಾಯನಶಾಸ್ತ್ರದ ಪುಸ್ತಕದಲ್ಲಿ. ಕಾರ್ಖಾನೆಯ ಭಾಷೆಯಲ್ಲಿ ಮಾತ್ರ ಹರಳಾಗಿ ಚೀಲ ಸೇರದ್ದೆಲ್ಲ ಸಕ್ಕರೆಯೇತರ.

ಈ ಲೆಕ್ಕದಲ್ಲಿ ನೀರು ಬರುವುದೇ ಇಲ್ಲ. ಇದನ್ನು ಮೊದಲೇ ಗಟ್ಟಿ ಮಾಡಿಕೊಂಡರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ. ಬಿಳಿ ಸಕ್ಕರೆಯನ್ನು ಒಂದು ಲೋಟ ನೀರಿನಲ್ಲಿ ಕರಗಿಸಿದರೂ ಒಂದು ಕೊಡ ನೀರಿನಲ್ಲಿ ಕರಗಿಸಿದರೂ ಪ್ಯೂರಿಟಿ 100ರ ಅಂಚಿನಲ್ಲೇ ಇರುತ್ತದೆ. ಕಬ್ಬಿನ ರಸವನ್ನು ಕುದಿಸಿ ಸಿರಪ್ ಮಾಡಿದಾಗ ನೀರು ಹೋಗುತ್ತದೆ, ಪ್ಯೂರಿಟಿ ಅಲ್ಲೇ ನಿಲ್ಲುತ್ತದೆ, ಅಥವಾ ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ. ಪ್ಯೂರಿಟಿಯ ನಿಜವಾದ ಉಪಯೋಗ ಇರುವುದು ಇಲ್ಲೇ. ಬಿಡಿ ಅಂಕಿಯಾಗಿ ಅದು ಹೇಳುವುದು ಕಡಿಮೆ. ಎರಡು ಜಾಗದಲ್ಲಿ ಒಂದೇ ರೀತಿ ಅಳೆದು ಪಕ್ಕಪಕ್ಕ ಇಟ್ಟಾಗ ಅದು ಮಾತಾಡಲು ಶುರುಮಾಡುತ್ತದೆ.

ಬಣ್ಣವನ್ನೂ ಪ್ಯೂರಿಟಿ ಹೇಳುವುದಿಲ್ಲ, ಅದಕ್ಕೆ ಇಕುಮ್ಸಾ (ಸಕ್ಕರೆ ಪರೀಕ್ಷೆಯ ಪದ್ಧತಿಗಳನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ಬಣ್ಣ ಎಂಬ ಬೇರೆ ಅಳತೆ ಇದೆ. ಸಿಹಿಯನ್ನೂ ಹೇಳುವುದಿಲ್ಲ. ಫ್ರಕ್ಟೋಸ್ ಸುಕ್ರೋಸಿಗಿಂತ ಸಿಹಿ, ಆದರೂ ಅದು ಹೆಚ್ಚಿದಷ್ಟೂ ಪ್ಯೂರಿಟಿ ಇಳಿಯುತ್ತದೆ.

ಒಂದೇ ಹೆಸರು, ಮೂರು ಲೆಕ್ಕ

ಪ್ಯೂರಿಟಿ ಎಂದಷ್ಟೇ ಬರೆದಿದ್ದರೆ ಅದು ಸಾಮಾನ್ಯವಾಗಿ ಅಪ್ಯಾರೆಂಟ್ ಪ್ಯೂರಿಟಿ, ಅಂದರೆ ತೋರಿಕೆಯ ಪ್ಯೂರಿಟಿ. ಪೋಲ್ ಎಂದರೆ ದ್ರಾವಣ ಬೆಳಕನ್ನು ಎಷ್ಟು ತಿರುಗಿಸುತ್ತದೆ ಎಂಬುದರಿಂದ ಅಂದಾಜಿಸಿದ ಸುಕ್ರೋಸ್, ಬ್ರಿಕ್ಸ್ ಎಂದರೆ ಕರಗಿರುವ ಒಟ್ಟು ಘನಪದಾರ್ಥದ ಅಂದಾಜು. ಎರಡೂ 100 ಪಾಲು ತೂಕಕ್ಕೆ. ಪೋಲ್ ಅನ್ನು ಬ್ರಿಕ್ಸ್‌ನಿಂದ ಭಾಗಿಸಿ 100ರಿಂದ ಗುಣಿಸಿದರೆ ಇದು ಸಿಗುತ್ತದೆ. ಮೇಲಿನ ಪೋಲ್ ಬದಲು ನಿಜವಾದ ಸುಕ್ರೋಸ್ ಪ್ರಮಾಣ ಹಾಕಿ, ಕೆಳಗೆ ಬ್ರಿಕ್ಸ್ ಅನ್ನೇ ಉಳಿಸಿಕೊಂಡರೆ ಗ್ರ್ಯಾವಿಟಿ ಪ್ಯೂರಿಟಿ. ಕೆಳಗೂ ಬ್ರಿಕ್ಸ್ ಬಿಟ್ಟು, ಮಾದರಿಯನ್ನು ಒಣಗಿಸಿ ತೂಗಿದ ಘನಪದಾರ್ಥ ಹಾಕಿದರೆ ಟ್ರೂ ಪ್ಯೂರಿಟಿ.

ಬಿಳಿ ಸಕ್ಕರೆಯ ದ್ರಾವಣದಲ್ಲಿ ಈ ಮೂರೂ ಹತ್ತಿರ ಹತ್ತಿರ ಇರುತ್ತವೆ. ಕಬ್ಬಿನ ಕೊನೆಯ ಕಾಕಂಬಿಯಲ್ಲಿ ಟ್ರೂ ಪ್ಯೂರಿಟಿ ತೋರಿಕೆಯದಕ್ಕಿಂತ ಹಲವು ಪಾಯಿಂಟ್ ಮೇಲಿರುತ್ತದೆ. ಕಾರಣ ಎರಡು. ಅದರಲ್ಲಿನ ಫ್ರಕ್ಟೋಸ್ ಪೋಲ್ ಅನ್ನು ಕೆಳಗೆಳೆಯುತ್ತದೆ, ಲವಣಗಳು ಬ್ರಿಕ್ಸ್ ಅನ್ನು ಮೇಲೆತ್ತುತ್ತವೆ. ಭಾಗಲಬ್ಧಕ್ಕೆ ಎರಡೂ ಕಡೆಯಿಂದ ಪೆಟ್ಟು. ಹಾಗಾಗಿ ಒಂದು ವರದಿಯ ತೋರಿಕೆಯ 33ನ್ನು ಇನ್ನೊಂದರ ಟ್ರೂ 38ರ ಜೊತೆ ಹೋಲಿಸಿ ‘ಅವರ ಕಾಕಂಬಿಯಲ್ಲಿ ಸಕ್ಕರೆ ಹೆಚ್ಚು ಹೋಗುತ್ತಿದೆ’ ಎನ್ನುವಂತಿಲ್ಲ. ವರದಿಯ ಮೊದಲ ಸಾಲಿನಲ್ಲೇ ಇದು ಯಾವ ಪ್ಯೂರಿಟಿ, ಬ್ರಿಕ್ಸ್ ಅಳೆದದ್ದು ಹೈಡ್ರೋಮೀಟರಿನಲ್ಲೋ ರಿಫ್ರ್ಯಾಕ್ಟೋಮೀಟರಿನಲ್ಲೋ ಎಂದು ಬರೆದಿಡಬೇಕು. ಬರೆಯದ ವರದಿಯನ್ನು ನಂಬದಿರುವುದೇ ಲೇಸು.

ಬರೆಯುವಾಗ ಇನ್ನೊಂದು ಎಚ್ಚರ. 84ರಿಂದ 82ಕ್ಕೆ ಇಳಿದರೆ ‘ಪ್ಯೂರಿಟಿ 2 ಪಾಯಿಂಟ್ ಇಳಿಯಿತು’ ಎನ್ನಿ. ಶೇ. 2 ಎಂದರೆ 84ರಲ್ಲಿ ನೂರಕ್ಕೆ ಎರಡು ಪಾಲು ಎಂದೂ ಓದಿಕೊಳ್ಳಬಹುದು, ಲೆಕ್ಕ ದಾರಿ ತಪ್ಪುತ್ತದೆ.

ಬೇಕಾಗುವ ಸಾಮಾನು

ಬ್ರಿಕ್ಸ್ ಹೈಡ್ರೋಮೀಟರ್, ಅಂದರೆ ಲ್ಯಾಬಿನವರು ಸ್ಪಿಂಡಲ್ ಎನ್ನುವ ಗಾಜಿನ ತೇಲುಕಡ್ಡಿ, ಮತ್ತು ಅದಕ್ಕೊಂದು ಎತ್ತರದ ಜಾರ್, ಅಥವಾ ಇವೆರಡರ ಬದಲು ಒಂದು ರಿಫ್ರ್ಯಾಕ್ಟೋಮೀಟರ್, ಅಂದರೆ ದ್ರಾವಣದಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂದು ನೋಡಿ ಬ್ರಿಕ್ಸ್ ಹೇಳುವ ಯಂತ್ರ. ಇಕುಮ್ಸಾ ಸ್ಕೇಲಿನ ಪೋಲಾರಿಮೀಟರ್ (ದ್ರಾವಣ ಬೆಳಕನ್ನು ಎಷ್ಟು ತಿರುಗಿಸಿತು ಎಂದು ಅಳೆಯುವ ಯಂತ್ರ), 200 ಮಿ.ಮೀ. ಉದ್ದದ ನಳಿಕೆ, ಯಂತ್ರವನ್ನು ಪರೀಕ್ಷಿಸಲು ಕ್ವಾರ್ಟ್ಸ್ ಪ್ಲೇಟ್. 100 ಮಿ.ಲೀ. ಫ್ಲಾಸ್ಕ್, ಆಲಿಕೆ, ಶೋಧಕ ಕಾಗದ, 0.01 ಗ್ರಾಂವರೆಗೆ ತೂಗುವ ತಕ್ಕಡಿ, ಥರ್ಮಾಮೀಟರ್. ರಸ ತಿಳಿಗೊಳಿಸಲು ಲೆಡ್ ಸಬ್‌ಅಸಿಟೇಟ್ ಪುಡಿ ಅಥವಾ ಸೀಸವಿಲ್ಲದ ಬದಲಿ ಪುಡಿ.

ಹಂತ 1: ಮಾದರಿ

ಒಂದು ಲೋಟ ರಸ ಮೊಗೆದು ತಂದು ಅಳೆದರೆ ಆ ಕ್ಷಣದ ರಸದ ಪ್ಯೂರಿಟಿ ಸಿಗುತ್ತದೆ, ಅದರಿಂದ ಪ್ರಯೋಜನ ಅಷ್ಟಕ್ಕಷ್ಟೆ. ಗಾಣಕ್ಕೆ ಬೀಳುವ ಕಬ್ಬು ನಿಮಿಷ ನಿಮಿಷಕ್ಕೂ ಬೇರೆ. ಹನಿಹನಿಯಾಗಿ ಸಂಗ್ರಹಿಸುವ ವ್ಯವಸ್ಥೆ ಇಡಿ, ಇಲ್ಲವೇ ಸಮಾನ ಅಂತರದಲ್ಲಿ ಸಮಾನ ಪ್ರಮಾಣ ತೆಗೆದು ಒಟ್ಟುಗೂಡಿಸಿ. ಸಂಗ್ರಹಿಸುವ ಪಾತ್ರೆಯನ್ನು ಪ್ರತಿ ಸಲವೂ ಬಿಸಿನೀರಿನಲ್ಲಿ ತೊಳೆಯಬೇಕು. ಪಾತ್ರೆಯ ಮೂಲೆಯಲ್ಲಿ ಉಳಿದ ಹಳೆಯ ರಸ ಹೊಸ ರಸಕ್ಕೆ ಹೆಪ್ಪು ಹಾಕಿದಂತೆ ಕೆಲಸ ಮಾಡುತ್ತದೆ.

ರಸವನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ ನಾರು ತೆಗೆಯಿರಿ, 15–20 ನಿಮಿಷ ಬಿಡಿ. ಅಷ್ಟರಲ್ಲಿ ಮರಳು ತಳ ಸೇರುತ್ತದೆ, ಗಾಳಿಗುಳ್ಳೆ ಮೇಲೇರುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಇಡುವುದಾದರೆ ತಣ್ಣಗಿಡಬೇಕು. ಮರ್ಕ್ಯುರಿಕ್ ಕ್ಲೋರೈಡ್ ಹಾಕಿ ಕೆಡದಂತೆ ಇಡುವುದು ಹಳೆಯ ಪದ್ಧತಿ. ಕೆಲಸವೇನೋ ಆಗುತ್ತದೆ, ಆದರೆ ಅದು ಪಾದರಸದ ವಿಷ, ಚೆಲ್ಲಲು ಜಾಗವಿಲ್ಲ. ಬೇಗ ಅಳೆದು ಮುಗಿಸುವುದೇ ಒಳ್ಳೆಯ ದಾರಿ.

ಮಾದರಿ ಕೆಟ್ಟರೆ ಆಗುವ ನಷ್ಟ ಎಷ್ಟೆಂದು ಅಂದಾಜಿರಲಿ. ಸುಕ್ರೋಸ್ ಅಣು ಒಂದು ಅಣು ನೀರನ್ನು ಹಿಡಿದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುವುದೇ ಇನ್ವರ್ಶನ್. 342 ಗ್ರಾಂ ಸುಕ್ರೋಸ್ 18 ಗ್ರಾಂ ನೀರು ಸೇರಿಸಿಕೊಂಡು 360 ಗ್ರಾಂ ಮಿಶ್ರಣ ಆಗುತ್ತದೆ. ಸುಕ್ರೋಸ್ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ, ಈ ಮಿಶ್ರಣ ಎಡಕ್ಕೆ. ಆದ್ದರಿಂದ ಒಂದು ಪಾಲು ಸುಕ್ರೋಸ್ ಒಡೆದರೆ ಪೋಲ್ ಇಳಿಯುವುದು ಒಂದು ಪಾಲಲ್ಲ, ಸುಮಾರು 1.33 ಪಾಲು. ಬ್ರಿಕ್ಸ್ ಇಳಿಯುವುದಿರಲಿ, ಕೂದಲೆಳೆಯಷ್ಟು ಏರುತ್ತದೆ. 16 ಬ್ರಿಕ್ಸ್, 13.35 ಪೋಲ್ ಇರುವ ರಸದಲ್ಲಿ ನೂರಕ್ಕೆ ಒಂದು ಪಾಲು ಸುಕ್ರೋಸ್ ಒಡೆದರೆ ಪೋಲ್ 13.17ಕ್ಕೆ ಬರುತ್ತದೆ, ಪ್ಯೂರಿಟಿ 83.4ರಿಂದ 82.3ಕ್ಕೆ. ಮೇಜಿನ ಮೇಲೆ ಮರೆತ ಲೋಟದಲ್ಲಿ ಇಷ್ಟಾದರೆ, ಅದಕ್ಕೆ ಬೈಗುಳ ಬೀಳುವುದು ಗಾಣದ ವಿಭಾಗಕ್ಕೆ.

ಹಂತ 2: ಬ್ರಿಕ್ಸ್

19ನೇ ಶತಮಾನದ ಜರ್ಮನ್ ತಜ್ಞ ಅಡಾಲ್ಫ್ ಬ್ರಿಕ್ಸ್ ಹೆಸರಿನ ಈ ಮಾನ ಶುದ್ಧ ಸುಕ್ರೋಸ್ ದ್ರಾವಣಕ್ಕಾಗಿ ಮಾಡಿದ್ದು. 100 ಗ್ರಾಂ ದ್ರಾವಣದಲ್ಲಿ 16 ಗ್ರಾಂ ಸುಕ್ರೋಸ್ ಇದ್ದರೆ 16 ಬ್ರಿಕ್ಸ್. ರಸದಲ್ಲಿ ಬೇರೆ ಪದಾರ್ಥಗಳೂ ಇರುವುದರಿಂದ ಅಲ್ಲಿ ಅದು ‘ಕರಗಿರುವುದೆಲ್ಲ ಸುಕ್ರೋಸೇ ಆಗಿದ್ದರೆ ಇಷ್ಟಿರುತ್ತಿತ್ತು’ ಎನ್ನುವ ಅಂದಾಜು.

ಹೈಡ್ರೋಮೀಟರಿನಲ್ಲಿ ಅಳೆಯುವಾಗ ಜಾರ್ ನೆಟ್ಟಗೆ ನಿಲ್ಲಿಸಿ ಅಂಚಿನವರೆಗೆ ರಸ ತುಂಬಿ, ಸ್ವಲ್ಪ ಹೊರಚೆಲ್ಲಲಿ, ನೊರೆ ಅದರ ಜೊತೆಗೇ ಹೋಗುತ್ತದೆ. ಒರೆಸಿ ಒಣಗಿಸಿದ ಕಡ್ಡಿಯನ್ನು ಮೆಲ್ಲಗೆ ಇಳಿಬಿಡಿ. ದಪ್ಪೆಂದು ಬಿಟ್ಟರೆ ಕಾಂಡ ಒದ್ದೆಯಾಗಿ ಭಾರವಾಗುತ್ತದೆ, ಕಡ್ಡಿ ಮುಳುಗಿ ಬ್ರಿಕ್ಸ್ ಕಡಿಮೆ ತೋರುತ್ತದೆ. ಕಡ್ಡಿಗೆ ಗುಳ್ಳೆ ಅಂಟಿದ್ದರೆ ಉಲ್ಟಾ, ಅದು ಮೇಲೆ ತೇಲಿ ಹೆಚ್ಚು ತೋರುತ್ತದೆ. ಕಡ್ಡಿ ಗೋಡೆಗೆ ತಾಗದೆ ನಿಂತ ಮೇಲೆ, ರಸದ ಉಷ್ಣತೆಯೂ ನಿಂತ ಮೇಲೆ ಎರಡನ್ನೂ ಬರೆದುಕೊಳ್ಳಿ. ಕಡ್ಡಿಯ ಮೇಲೆ ಅದು ಯಾವ ಉಷ್ಣತೆಗೆ ಮಾಡಿದ್ದೆಂದು ನಮೂದಿಸಿರುತ್ತದೆ. ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್, ಬಿಸಿ ಪ್ರದೇಶಗಳಿಗೆ ಮಾಡಿದ ಕಡ್ಡಿಗಳಲ್ಲಿ 27.5 ಕೂಡ ಇರುತ್ತದೆ. ಒಂದರ ತಿದ್ದುಪಡಿ ಕೋಷ್ಟಕವನ್ನು ಇನ್ನೊಂದಕ್ಕೆ ಬಳಸುವುದು ಲ್ಯಾಬುಗಳಲ್ಲಿ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯಬಲ್ಲ ತಪ್ಪು.

ರಿಫ್ರ್ಯಾಕ್ಟೋಮೀಟರಿಗೆ ಕೆಲವು ಹನಿ ಸಾಕು. ಮೊದಲು ಶುದ್ಧ ನೀರು ಹಾಕಿ ಸೊನ್ನೆ ತೋರುತ್ತದೆಯೇ ನೋಡಿ. ಹನಿ ಹಾಕಿದ ಕೂಡಲೇ ಓದಬೇಡಿ, ಪ್ರಿಸಂನ ಉಷ್ಣತೆಗೆ ಅದು ಬರಲಿ. ತಾನೇ ತಿದ್ದಿಕೊಳ್ಳದ ಯಂತ್ರವಾದರೆ 20 ಡಿಗ್ರಿಗಿಂತ ಮೇಲಿನ ಪ್ರತಿ ಡಿಗ್ರಿಗೆ 0.07ರಿಂದ 0.08 ಬ್ರಿಕ್ಸ್ ಕೂಡಿಸಬೇಕಾಗುತ್ತದೆ. ಇದು ರಸದ ಮಟ್ಟದ ಬ್ರಿಕ್ಸ್‌ಗೆ ಸಲ್ಲುವ ಅಂದಾಜು, ನಿಖರ ಬೆಲೆಗೆ ಕೋಷ್ಟಕ ನೋಡಿ. 30 ಡಿಗ್ರಿಯ ಕೋಣೆಯಲ್ಲಿ ಇದನ್ನು ಮರೆತರೆ ಮುಕ್ಕಾಲು ಬ್ರಿಕ್ಸ್ ತಪ್ಪುತ್ತದೆ. ಅದು ಎಷ್ಟು ದೊಡ್ಡ ತಪ್ಪು ಎಂಬುದು ಲೆಕ್ಕದ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 3: ರಸ ತಿಳಿ ಮಾಡುವುದು

ಪೋಲಾರಿಮೀಟರಿನ ಬೆಳಕು ಆಚೆ ಬರಬೇಕಾದರೆ ರಸ ತಿಳಿಯಾಗಿರಬೇಕು. ಹಳೆಯ ರೀತಿಯಲ್ಲಿ 100 ಮಿ.ಲೀ. ರಸಕ್ಕೆ ಸುಮಾರು 1 ಗ್ರಾಂ ಒಣ ಲೆಡ್ ಸಬ್‌ಅಸಿಟೇಟ್ ಪುಡಿ ಹಾಕಿ ಕುಲುಕಿ, ಒಂದೆರಡು ನಿಮಿಷ ಬಿಟ್ಟು ಒಣ ಕಾಗದದಲ್ಲಿ ಸೋಸುತ್ತಾರೆ. ಆಲಿಕೆಯ ಮೇಲೆ ಗಾಜಿನ ಮುಚ್ಚಳ ಇಡಿ, ಇಲ್ಲದಿದ್ದರೆ ನೀರು ಆರಿ ದ್ರಾವಣ ಗಟ್ಟಿಯಾಗುತ್ತದೆ. ಮೊದಲ 10–15 ಮಿ.ಲೀ. ಚೆಲ್ಲಿ, ಅನಂತರ ಬಂದದ್ದನ್ನು ಇಟ್ಟುಕೊಳ್ಳಿ.

ಪುಡಿ ಎಷ್ಟು ಎಂಬುದಕ್ಕೆ ಉತ್ತರ: ತಿಳಿಯಾಗಲು ಬೇಕಾದಷ್ಟು ಮಾತ್ರ. ಬೇಗ ಸೋಸಲಿ ಎಂದು ಒಂದು ಚಿಟಿಕೆ ಹೆಚ್ಚು ಹಾಕುವವರಿದ್ದಾರೆ. ಹೆಚ್ಚಾದ ಸೀಸ ಫ್ರಕ್ಟೋಸಿನ ಜೊತೆ ಸೇರಿ ಅದರ ಎಡ ತಿರುಗುವಿಕೆಯನ್ನು ತಗ್ಗಿಸುತ್ತದೆ, ಪೋಲ್ ಸುಳ್ಳೇ ಏರುತ್ತದೆ. ಇನ್ನು, ಸೀಸ ವಿಷ. ಬರಿಗೈಯಲ್ಲಿ ಮುಟ್ಟಬಾರದು, ಪುಡಿಯ ಧೂಳು ಉಸಿರಾಡಬಾರದು, ಸೋಸಿದ ಕಾಗದವನ್ನೂ ದ್ರಾವಣವನ್ನೂ ಚರಂಡಿಗೆ ಬಿಡದೆ ಅಪಾಯಕಾರಿ ತ್ಯಾಜ್ಯವಾಗಿ ಬೇರೆ ಕೂಡಿಡಬೇಕು.

ಈ ಕಾರಣಕ್ಕೇ ಬಹಳ ಲ್ಯಾಬುಗಳು ಅಲ್ಯೂಮಿನಿಯಂ ಆಧಾರಿತ ಪುಡಿಗಳಿಗೆ, ಇಲ್ಲವೇ ಅವಕೆಂಪು ಪೋಲಾರಿಮೀಟರಿಗೆ ಬದಲಾಗಿವೆ. ಸಾಮಾನ್ಯ ಯಂತ್ರ 589 ನ್ಯಾನೋಮೀಟರಿನ ಹಳದಿ ಬೆಳಕು ಬಳಸಿದರೆ ಇದು ಸುಮಾರು 880 ನ್ಯಾನೋಮೀಟರ್ ಬಳಸುತ್ತದೆ. ಆ ಬೆಳಕಿಗೆ ಕಂದು ಬಣ್ಣ ಅಡ್ಡಿಯಾಗುವುದಿಲ್ಲ, ಶೋಧಕ ಪುಡಿ ಹಾಕಿ ಸೋಸಿದರೆ ಸಾಕು. ಹೊಸ ಲ್ಯಾಬ್ ಕಟ್ಟುವವರು ಸೀಸದ ಕಡೆ ನೋಡುವ ಅಗತ್ಯವೇ ಇಲ್ಲ. ಆದರೆ ಹಂಗಾಮಿನ ನಡುವೆ ಪದ್ಧತಿ ಬದಲಿಸಬೇಡಿ. ಸೀಸದ ಅಂಕಿಗೂ ಅವಕೆಂಪು ಅಂಕಿಗೂ ಅಂತರ ಬರುತ್ತದೆ, ಹಿಂದಿನ ವಾರದ ಜೊತೆ ಹೋಲಿಕೆ ಮುರಿದುಬೀಳುತ್ತದೆ. ಕೆಲವು ವಾರ ಎರಡನ್ನೂ ಪಕ್ಕಪಕ್ಕ ನಡೆಸಿ, ಅಂತರ ತಿಳಿದುಕೊಂಡು, ಆಮೇಲೆ ಬದಲಿಸಿ.

ಹಂತ 4: ಪೋಲ್ ಓದುವುದು

ಶುದ್ಧ ಸುಕ್ರೋಸ್ 26.000 ಗ್ರಾಂ ತೂಗಿ, ನೀರಿನಲ್ಲಿ ಕರಗಿಸಿ, 20 ಡಿಗ್ರಿಯಲ್ಲಿ ಸರಿಯಾಗಿ 100 ಮಿ.ಲೀ. ಮಾಡಿ, 200 ಮಿ.ಮೀ. ನಳಿಕೆಯಲ್ಲಿ ನೋಡಿದರೆ ಬರುವ ತಿರುಗುವಿಕೆಗೆ 100 ಡಿಗ್ರಿ ಝಡ್ ಎಂದು ಹೆಸರು. ಈ 26 ಗ್ರಾಂಗೆ ನಾರ್ಮಲ್ ವೇಟ್ ಎನ್ನುತ್ತಾರೆ. 1988ಕ್ಕೆ ಮೊದಲಿನ ಯಂತ್ರಗಳಲ್ಲಿ ಡಿಗ್ರಿ ಎಸ್ ಇತ್ತು, 100 ಡಿಗ್ರಿ ಎಸ್ ಎಂದರೆ 99.971 ಡಿಗ್ರಿ ಝಡ್. ರಸದ ಕೆಲಸದಲ್ಲಿ ಈ ಅಂತರ ಲೆಕ್ಕಕ್ಕಿಲ್ಲ, ಸಕ್ಕರೆ ವ್ಯಾಪಾರದಲ್ಲಿ ಇದೆ.

ಮೊದಲು ಖಾಲಿ ಕೋಶದಲ್ಲಿ ಸೊನ್ನೆ, ಆಮೇಲೆ ಕ್ವಾರ್ಟ್ಸ್ ಪ್ಲೇಟ್ ಇಟ್ಟು ಅದರ ಮೇಲೆ ಬರೆದ ಬೆಲೆ ಬರುತ್ತದೆಯೇ ನೋಡಿ. ನಳಿಕೆಯನ್ನು ಸೋಸಿದ ರಸದಿಂದಲೇ ಎರಡು ಮೂರು ಸಲ ತೊಳೆದು, ಗುಳ್ಳೆ ಉಳಿಯದಂತೆ ತುಂಬಿ. ತುದಿಯ ಗಾಜಿನ ತಿರುಪನ್ನು ಬಿಗಿಯಾಗಿ ಒತ್ತಬೇಡಿ. ಒತ್ತಡ ಬಿದ್ದ ಗಾಜು ತಾನೇ ಬೆಳಕನ್ನು ಬದಲಿಸಿ ಸುಳ್ಳು ಅಂಕಿ ಕೊಡುತ್ತದೆ. ಅನುಮಾನ ಬಂದರೆ ತಿರುಪನ್ನು ಸ್ವಲ್ಪ ಸಡಿಲಿಸಿ ಮತ್ತೆ ಓದಿ. ಅಂಕಿ ಬದಲಾದರೆ ಕಳ್ಳ ಸಿಕ್ಕಿದಂತೆಯೇ.

ಹಂತ 5: ಲೆಕ್ಕ

ರಸ 16.0 ಬ್ರಿಕ್ಸ್, ನೀರು ಬೆರೆಸದೆ ಓದಿದ ಪೋಲಾರಿಮೀಟರ್ ಅಂಕಿ 54.6 ಎಂದಿಟ್ಟುಕೊಳ್ಳಿ. 100 ಡಿಗ್ರಿಗೆ 26 ಗ್ರಾಂ ಎಂದ ಮೇಲೆ 54.6 ಡಿಗ್ರಿಗೆ 54.6 × 0.26 = 14.196 ಗ್ರಾಂ. ಇದು 100 ಮಿ.ಲೀ. ರಸದಲ್ಲಿರುವುದು. ಬ್ರಿಕ್ಸ್ ತೂಕದ ಲೆಕ್ಕವಾದ್ದರಿಂದ ಇದನ್ನೂ ತೂಕಕ್ಕೆ ತರಬೇಕು. 16 ಬ್ರಿಕ್ಸ್ ದ್ರಾವಣದ ಸಾಂದ್ರತೆ 20 ಡಿಗ್ರಿಯಲ್ಲಿ 1.0635.

ಪೋಲ್ = 14.196 ÷ 1.0635 = 13.35

ಪ್ಯೂರಿಟಿ = 13.35 ÷ 16.0 × 100 = 83.4

ಸಾಂದ್ರತೆಯಿಂದ ಭಾಗಿಸುವುದನ್ನು ಮರೆತರೆ ಇದೇ ರಸ 88.7 ತೋರುತ್ತದೆ. ಹೊಸಬರ ನೋಟ್‌ಬುಕ್‌ನಲ್ಲಿ ಪ್ಯೂರಿಟಿ ಇದ್ದಕ್ಕಿದ್ದಂತೆ ಐದು ಪಾಯಿಂಟ್ ಹಾರಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಈಗ ತಪ್ಪುಗಳನ್ನು ತೂಗಿ ನೋಡೋಣ. ಪೋಲಾರಿಮೀಟರನ್ನು 0.2 ಹೆಚ್ಚು ಓದಿದಿರಿ, 54.8. ಪ್ಯೂರಿಟಿ 83.7 ಆಗುತ್ತದೆ, ತಪ್ಪು 0.3 ಪಾಯಿಂಟ್. ಬ್ರಿಕ್ಸ್ ಅನ್ನು ಅದೇ 0.2 ಹೆಚ್ಚು ಓದಿದಿರಿ, 16.2. ಪ್ಯೂರಿಟಿ 82.3ಕ್ಕೆ ಬೀಳುತ್ತದೆ, ತಪ್ಪು 1.1 ಪಾಯಿಂಟ್. ದುಬಾರಿ ಪೋಲಾರಿಮೀಟರಿಗೆ ಹವಾನಿಯಂತ್ರಿತ ಕೋಣೆ ಕಟ್ಟಿ, ಬ್ರಿಕ್ಸ್ ಅನ್ನು ಕಿಟಕಿ ಪಕ್ಕದ ಬಿಸಿಲಿನಲ್ಲಿ ಆತುರಾತುರವಾಗಿ ಓದುವ ಲ್ಯಾಬಿನಲ್ಲಿ ಪ್ಯೂರಿಟಿ ಕುಣಿಯುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಗಮನ ಇಡಬೇಕಾದದ್ದು ಬ್ರಿಕ್ಸ್ ಮೇಲೆ.

ಗಟ್ಟಿ ಪದಾರ್ಥಗಳು: ಸಿರಪ್, ಮ್ಯಾಸಿಕ್ಯೂಟ್, ಕಾಕಂಬಿ

ಇವುಗಳಿಗೆ ನೀರು ಬೆರೆಸಿಯೇ ಅಳೆಯಬೇಕು. 100 ಗ್ರಾಂ ಕಾಕಂಬಿಗೆ 500 ಗ್ರಾಂ ನೀರು ಸೇರಿಸಿ ಚೆನ್ನಾಗಿ ಕಲಸಿದರೆ ಸುಮಾರು 15 ಬ್ರಿಕ್ಸ್ ದ್ರಾವಣ ಬರುತ್ತದೆ. ಆರರಿಂದ ಗುಣಿಸಿದರೆ ಮೂಲದ 90 ಬ್ರಿಕ್ಸ್. ಪ್ಯೂರಿಟಿ ಮಾತ್ರ ಬೇಕಿದ್ದರೆ ಗುಣಿಸುವ ಗೊಡವೆಯೂ ಇಲ್ಲ. ಪೋಲ್, ಬ್ರಿಕ್ಸ್ ಎರಡನ್ನೂ ಅದೇ ತೆಳು ದ್ರಾವಣದಲ್ಲಿ ಅಳೆದಿರಲಿ, ಅಷ್ಟು ಸಾಕು. ತೆಳು ದ್ರಾವಣದ ಬ್ರಿಕ್ಸ್ 15.0, ಪೋಲಾರಿಮೀಟರ್ ಅಂಕಿ 20.1, ಸಾಂದ್ರತೆ 1.0592 ಆದರೆ ಪೋಲ್ 4.93, ಪ್ಯೂರಿಟಿ 32.9. ಮೊದಲ ಸಾಲಿನಲ್ಲಿ ಕಂಡ ಅಂಕಿ ಹೀಗೆ ಬಂದದ್ದು.

ಎಷ್ಟು ನೀರು ಎಂಬುದನ್ನು ಒಮ್ಮೆ ನಿಗದಿ ಮಾಡಿದ ಮೇಲೆ ಬದಲಿಸಬಾರದು. ಲವಣ ಹೆಚ್ಚಿರುವ ಕಾಕಂಬಿಯನ್ನು ಹೈಡ್ರೋಮೀಟರಿನಲ್ಲಿ ಅಳೆದಾಗ, ನೀರು ಹೆಚ್ಚು ಕಡಿಮೆ ಆದಂತೆ ಮೂಲಕ್ಕೆ ಲೆಕ್ಕ ಹಾಕಿದ ಬ್ರಿಕ್ಸ್ ಕೂಡ ಬದಲಾಗುತ್ತದೆ. ನೀರನ್ನು ತೂಗಿ ಹಾಕಿ, ಅಳತೆ ಲೋಟದಲ್ಲಿ ಸುರಿಯಬೇಡಿ.

ಮ್ಯಾಸಿಕ್ಯೂಟ್‌ನಲ್ಲಿ, ಅಂದರೆ ಹರಳೂ ಪಾಕವೂ ಸೇರಿದ ಗಟ್ಟಿ ಮಿಶ್ರಣದಲ್ಲಿ, ಹರಳು ಪೂರ್ತಿ ಕರಗಬೇಕು. ಬಿಸಿನೀರು ಹಾಕಿ, ಕಡ್ಡಿಯಿಂದ ತಳ ಕೆದಕಿ, ಕರಕರ ಎನ್ನುವುದು ನಿಂತ ಮೇಲೆ ತಣಿಸಿ. ನಾಲ್ಕು ಹರಳು ತಳದಲ್ಲಿ ಉಳಿದರೂ ನೀವು ಅಳೆಯುತ್ತಿರುವುದು ಬರೀ ಪಾಕದ ಕಡೆಗೆ ವಾಲಿದ ದ್ರಾವಣ, ಪ್ಯೂರಿಟಿ ನಿಜಕ್ಕಿಂತ ಕೆಳಗೆ ಬರುತ್ತದೆ. ಕಾಕಂಬಿಯ ಸಮಸ್ಯೆ ಗುಳ್ಳೆ. ಬಿಸಿ ಮಾಡಿ ತುಸು ಹೊತ್ತು ಬಿಡದೆ ಕಡ್ಡಿ ಇಳಿಸಿದರೆ ಗಾಳಿ ತುಂಬಿದ ದ್ರಾವಣ ಹಗುರವಾಗಿ ಬ್ರಿಕ್ಸ್ ಕಡಿಮೆ, ಪ್ಯೂರಿಟಿ ಹೆಚ್ಚು ತೋರುತ್ತದೆ.

ಅಂಕಿ ಸುಳ್ಳು ಹೇಳುವುದು ಯಾವಾಗ

ಪೋಲಾರಿಮೀಟರಿಗೆ ಸುಕ್ರೋಸ್ ಯಾವುದು, ಇನ್ನೊಂದು ಯಾವುದು ಎಂದು ಗೊತ್ತಾಗುವುದಿಲ್ಲ. ಅದು ಬೆಳಕು ಎಷ್ಟು ತಿರುಗಿತು ಎಂದಷ್ಟೇ ಹೇಳುತ್ತದೆ. ಸುಕ್ರೋಸಿನ ವಿಶಿಷ್ಟ ತಿರುಗುವಿಕೆ ಬಲಕ್ಕೆ 66.5, ಗ್ಲೂಕೋಸಿನದು ಬಲಕ್ಕೆ 52.7, ಫ್ರಕ್ಟೋಸಿನದು ಎಡಕ್ಕೆ ಸುಮಾರು 92. ಇವುಗಳ ಜಗಳದ ಫಲವೇ ಪೋಲ್.

ಇವರೆಲ್ಲರಿಗಿಂತ ಮೋಸಗಾರ ಡೆಕ್ಸ್‌ಟ್ರಾನ್. ಕಡಿದ ಕಬ್ಬು ಬಹಳ ಹೊತ್ತು ಬಿದ್ದಿದ್ದರೆ ಲ್ಯೂಕೋನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ ಸುಕ್ರೋಸ್ ತಿಂದು ಈ ಲೋಳೆಯನ್ನು ಮಾಡುತ್ತದೆ. ಅದರ ತಿರುಗುವಿಕೆ ಬಲಕ್ಕೆ ಸುಮಾರು 199, ಸುಕ್ರೋಸಿನ ಮೂರರಷ್ಟು. ಕಬ್ಬು ಹಾಳಾಗಿರುತ್ತದೆ, ಪೋಲ್ ಮಾತ್ರ ಚೆನ್ನಾಗಿ ಕಾಣುತ್ತದೆ. ರಸ ಸೋಸಲು ವಿಪರೀತ ಹೊತ್ತು ಹಿಡಿಯುವುದು, ಪ್ಯಾನಿನಲ್ಲಿ, ಅಂದರೆ ಸಿರಪ್ ಕುದಿಸಿ ಹರಳು ಬೆಳೆಸುವ ಪಾತ್ರೆಯಲ್ಲಿ, ಹರಳು ಸೂಜಿಯಂತೆ ಉದ್ದುದ್ದ ಬೆಳೆಯುವುದು, ಆದರೂ ಲ್ಯಾಬ್ ಹಾಳೆಯಲ್ಲಿ ಪ್ಯೂರಿಟಿ ಎಂದಿನಂತೆಯೇ ಇರುವುದು: ಈ ಮೂರೂ ಕೂಡಿದರೆ ಡೆಕ್ಸ್‌ಟ್ರಾನ್ ಪರೀಕ್ಷೆ ಮಾಡಿಸಿ. ಬೀಟ್ ಸಕ್ಕರೆಯಲ್ಲಿ ಇದೇ ಕೆಲಸ ಮಾಡುವುದು ರಾಫಿನೋಸ್, ಅದರದು ಬಲಕ್ಕೆ ಸುಮಾರು 123.

ನಿಜವಾದ ಸುಕ್ರೋಸ್ ಬೇಕೆಂದರೆ ಎರಡು ಸಲ ಪೋಲ್ ಓದುವ ಕ್ಲೆರ್ಜೆ ವಿಧಾನ ಇದೆ. ಒಮ್ಮೆ ಇದ್ದಂತೆ, ಇನ್ನೊಮ್ಮೆ ಆಮ್ಲ ಹಾಕಿ ಸುಕ್ರೋಸನ್ನು ಪೂರ್ತಿ ಒಡೆದ ಮೇಲೆ. ಒಡೆಯುವುದು ಮುಖ್ಯವಾಗಿ ಸುಕ್ರೋಸ್, ಆದ್ದರಿಂದ ಎರಡರ ವ್ಯತ್ಯಾಸ ಅದರ ಪ್ರಮಾಣ ಹೇಳುತ್ತದೆ. ಈಗ ಎಚ್‌ಪಿಎಲ್‌ಸಿ (ಸಕ್ಕರೆಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ಯಂತ್ರ) ಇದ್ದವರು ನೇರ ಅದರಲ್ಲೇ ಅಳೆಯುತ್ತಾರೆ. ದಿನನಿತ್ಯದ ಗಂಟೆಗಂಟೆಯ ಕೆಲಸಕ್ಕೆ ಎರಡೂ ನಿಧಾನ. ಅಲ್ಲಿ ತೋರಿಕೆಯ ಪ್ಯೂರಿಟಿಯೇ ಗತಿ, ಮತ್ತು ಅದು ಸಾಕು ಕೂಡ.

ಬಳಕೆ: ಹಂತದಿಂದ ಹಂತಕ್ಕೆ ಹೋಲಿಕೆ

ಕಬ್ಬಿನ ಮೊದಲ ಗಾಣದ ರಸದ ಪ್ಯೂರಿಟಿ ಒಳ್ಳೆಯ ಕಬ್ಬಿನಲ್ಲಿ 80ರ ಮೇಲೆ ಇರುತ್ತದೆ. ಕೊನೆಯ ಗಾಣಗಳು ನಾರಿನಿಂದ ಸಕ್ಕರೆಯೇತರವನ್ನೂ ಹಿಂಡುವುದರಿಂದ ಎಲ್ಲ ಸೇರಿದ ಮಿಶ್ರ ರಸದಲ್ಲಿ ಅದು ಒಂದೆರಡು ಪಾಯಿಂಟ್ ಕಡಿಮೆ. ಸುಣ್ಣ ಹಾಕಿ ತಿಳಿಗೊಳಿಸಿದ ಮೇಲೆ ಒಂದು ಪಾಯಿಂಟಿನಷ್ಟು ಏರಬೇಕು, ಯಾಕೆಂದರೆ ಸಕ್ಕರೆಯೇತರದ ಒಂದಿಷ್ಟು ಪಾಲು ಕೆಸರಾಗಿ ಹೋಗಿದೆ. ಏರದೆ ಇಳಿದರೆ ಸುಣ್ಣ ಕಡಿಮೆಯಾಗಿ ಬಿಸಿ ರಸ ಹುಳಿಯಲ್ಲೇ ನಿಂತು ಇನ್ವರ್ಶನ್ ಆಗುತ್ತಿದೆಯೇ ನೋಡಿ. ಪಿಎಚ್ ದಾಖಲೆ ಅದನ್ನು ಹೇಳುತ್ತದೆ. ತಿಳಿರಸ ಮತ್ತು ಸಿರಪ್ ನಡುವೆ ಇಳಿದರೂ ಇದೇ ಗುಮಾನಿ.

ಸರಾಸರಿ ತೆಗೆಯುವಾಗ ಪ್ಯೂರಿಟಿಗಳನ್ನು ಕೂಡಿ ಎರಡರಿಂದ ಭಾಗಿಸಬೇಡಿ. 18 ಬ್ರಿಕ್ಸ್, 86 ಪ್ಯೂರಿಟಿಯ 100 ಟನ್ ರಸಕ್ಕೆ 12 ಬ್ರಿಕ್ಸ್, 76 ಪ್ಯೂರಿಟಿಯ 100 ಟನ್ ರಸ ಸೇರಿತು ಎನ್ನಿ. ಘನಪದಾರ್ಥ 18 + 12 = 30 ಟನ್. ಪೋಲ್ 15.48 + 9.12 = 24.60 ಟನ್. ಪ್ಯೂರಿಟಿ 82.0. ಸುಮ್ಮನೆ ಸರಾಸರಿ ತೆಗೆದಿದ್ದರೆ 81 ಬರುತ್ತಿತ್ತು.

ಬಳಕೆ: ಪ್ಯಾನಿಗೆ ಬೆರಕೆ

ಹರಳು ತೆಗೆಯುವುದು ಸುತ್ತು ಸುತ್ತಾಗಿ. ಮೊದಲ ಸುತ್ತು ಎ, ಅದರಲ್ಲಿ ಉಳಿದದ್ದು ಎ ಕಾಕಂಬಿ, ಎರಡನೆಯ ಸುತ್ತು ಬಿ. ಬಿ ಮ್ಯಾಸಿಕ್ಯೂಟ್ 72 ಪ್ಯೂರಿಟಿಯಲ್ಲಿ ಬೇಕು, ಕೈಯಲ್ಲಿರುವುದು 85ರ ಸಿರಪ್ ಮತ್ತು 68ರ ಎ ಕಾಕಂಬಿ. ಅಡ್ಡ ಕಳೆಯಿರಿ: ಸಿರಪ್ ಪಾಲು 72 − 68 = 4, ಕಾಕಂಬಿ ಪಾಲು 85 − 72 = 13. ಒಟ್ಟು 17 ಪಾಲಿನಲ್ಲಿ 4 ಸಿರಪ್. ಈ ಪಾಲುಗಳು ಘನಪದಾರ್ಥದವು, ಟ್ಯಾಂಕಿನ ಟನ್ನುಗಳಲ್ಲ. ಸಿರಪ್ 60 ಬ್ರಿಕ್ಸ್, ಕಾಕಂಬಿ 75 ಬ್ರಿಕ್ಸ್ ಇದ್ದರೆ 4 ÷ 0.60 = 6.67 ಟನ್ ಸಿರಪ್, 13 ÷ 0.75 = 17.33 ಟನ್ ಕಾಕಂಬಿ. ಬ್ರಿಕ್ಸ್‌ನಿಂದ ಭಾಗಿಸದೆ ನೇರ 4:13 ಟನ್ ಎಳೆದರೆ ಪ್ಯೂರಿಟಿ ಗುರಿಗಿಂತ ಕೆಳಗೆ ನಿಲ್ಲುತ್ತದೆ.

ಬಳಕೆ: ಹರಳು ಎಷ್ಟು ಬಂತು

ಮ್ಯಾಸಿಕ್ಯೂಟಿನಿಂದ ಒಂದಿಷ್ಟನ್ನು ಸಣ್ಣ ಒತ್ತಡದ ಶೋಧಕದಲ್ಲಿ ಹಿಂಡಿ, ಹರಳಿನ ನಡುವಿನ ಪಾಕವನ್ನಷ್ಟೇ ತೆಗೆದು ಅದರ ಪ್ಯೂರಿಟಿ ನೋಡಿ. ಮ್ಯಾಸಿಕ್ಯೂಟ್ 85, ಪಾಕ 68 ಆದರೆ:

(85 − 68) ÷ (100 − 68) × 100 = 53.1

ಅಂದರೆ ಘನಪದಾರ್ಥದ ನೂರಕ್ಕೆ 53 ಪಾಲು ಹರಳಾಗಿದೆ. ಇನ್ನೂ ಹೆಚ್ಚು ಉಪಯೋಗ ಇರುವುದು ಮುಂದಿನ ಹೋಲಿಕೆಯಲ್ಲಿ. ಇದೇ ಪಾಕದ ಪ್ಯೂರಿಟಿಯನ್ನು, ಮ್ಯಾಸಿಕ್ಯೂಟನ್ನು ವೇಗವಾಗಿ ತಿರುಗಿಸಿ ಹರಳು ಬೇರ್ಪಡಿಸುವ ಸೆಂಟ್ರಿಫ್ಯೂಗಲ್‌ನಿಂದ ಹೊರಬಂದ ಕಾಕಂಬಿಯ ಜೊತೆ ಇಡಿ. ಎರಡೂ ಒಂದೇ ದ್ರವ, ಅಂಕಿಯೂ ಹತ್ತಿರ ಇರಬೇಕು. ಕಾಕಂಬಿಯದು ಎರಡು ಮೂರು ಪಾಯಿಂಟ್ ಮೇಲಿದ್ದರೆ ಹರಳು ಕಾಕಂಬಿಗೆ ಸೇರುತ್ತಿದೆ. ತೊಳೆಯುವ ನೀರು ಹೆಚ್ಚಾಗಿ ಕರಗುತ್ತಿರಬಹುದು, ಜಾಲರಿ ಹರಿದಿರಬಹುದು, ಇಲ್ಲವೇ ಹರಳು ಜಾಲರಿಯ ಕಣ್ಣಿಗಿಂತ ಸಣ್ಣದಾಗಿರಬಹುದು. ಕಾಕಂಬಿಯ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ಭೂತಗನ್ನಡಿಯಲ್ಲಿ ನೋಡಿ. ಹರಳು ಕಂಡರೆ ಜಾಲರಿ, ಕಾಣದಿದ್ದರೆ ನೀರು.

ಬಳಕೆ: ಎಸ್‌ಜೆಎಂ ಸೂತ್ರ

ರಸದಲ್ಲಿ ಬಂದ ಸಕ್ಕರೆಯಲ್ಲಿ ಎಷ್ಟು ಚೀಲಕ್ಕೆ ಹೋಗಬಹುದು ಎಂಬುದನ್ನು ಮೂರು ಪ್ಯೂರಿಟಿಗಳಿಂದಲೇ ಲೆಕ್ಕ ಹಾಕಬಹುದು. ಎಸ್ ಎಂದರೆ ಸಕ್ಕರೆಯದು, ಜೆ ರಸದ್ದು, ಎಂ ಕೊನೆಯ ಕಾಕಂಬಿಯದು.

ವಸೂಲಿ = ಎಸ್ × (ಜೆ − ಎಂ) ÷ [ಜೆ × (ಎಸ್ − ಎಂ)] × 100

ಎಸ್ 100, ಜೆ 85, ಎಂ 33 ಹಾಕಿದರೆ 91.3. ಕಾಕಂಬಿ 33ರಿಂದ 35ಕ್ಕೆ ಏರಿದರೆ ವಸೂಲಿ 90.5ಕ್ಕೆ ಇಳಿಯುತ್ತದೆ. ಕಾಕಂಬಿ 33ರಲ್ಲೇ ಇದ್ದು ರಸ 85ರಿಂದ 84ಕ್ಕೆ ಇಳಿದರೆ 90.6. ಅಂದರೆ ಬರುವ ರಸದ ಒಂದು ಪಾಯಿಂಟು ಹೋಗುವ ಕಾಕಂಬಿಯ ಸುಮಾರು ಎರಡು ಪಾಯಿಂಟಿಗೆ ಸಮ. ಕಬ್ಬು ಎರಡು ದಿನ ಒಣಗಿದ್ದಕ್ಕೆ ಕಳೆದುಕೊಂಡದ್ದನ್ನು ಪ್ಯಾನ್ ವಿಭಾಗದಲ್ಲಿ ದುಡಿದು ತುಂಬಿಕೊಳ್ಳುವುದು ಯಾಕೆ ಕಷ್ಟ ಎಂಬುದು ಈ ಎರಡು ಅಂಕಿಗಳಲ್ಲೇ ಇದೆ.

ಬೀಟ್ ಕಾರ್ಖಾನೆಯ ಕಾಕಂಬಿಯ ಪ್ಯೂರಿಟಿ 60ರ ಸುತ್ತ ಇರುತ್ತದೆ, ಅದನ್ನು ನೋಡಿ ಅಲ್ಲಿನವರಿಗೆ ಕೆಲಸ ಬರುವುದಿಲ್ಲ ಎನ್ನಬೇಡಿ. ಬೀಟ್ ರಸದ ಪೊಟ್ಯಾಸಿಯಂ, ಸೋಡಿಯಂ ಲವಣಗಳು ಸುಕ್ರೋಸನ್ನು ದ್ರಾವಣದಲ್ಲೇ ಹಿಡಿದಿಡುತ್ತವೆ. ಕಬ್ಬಿನ ಕಾಕಂಬಿಯಲ್ಲಿ ಧಾರಾಳವಾಗಿರುವ ಗ್ಲೂಕೋಸ್, ಫ್ರಕ್ಟೋಸ್‌ಗಳು ಸುಕ್ರೋಸ್ ಕರಗುವಿಕೆಯನ್ನು ತಗ್ಗಿಸುತ್ತವೆ, ಹಾಗಾಗಿ ಇನ್ನಷ್ಟು ಹರಳು ತೆಗೆಯಲು ಬರುತ್ತದೆ.

ಸೂತ್ರಕ್ಕೆ ಹಾಕುವ ಮೂರೂ ಅಂಕಿ ಒಂದೇ ಜಾತಿಯವಾಗಿರಬೇಕು. ರಸಕ್ಕೆ ತೋರಿಕೆಯ ಪ್ಯೂರಿಟಿ, ಕಾಕಂಬಿಗೆ ಟ್ರೂ ಪ್ಯೂರಿಟಿ ಹಾಕಿದರೆ ಎಂ ಐದಾರು ಪಾಯಿಂಟ್ ಮೇಲೆ ಕೂರುತ್ತದೆ, ಲೆಕ್ಕದ ವಸೂಲಿ ತಗ್ಗುತ್ತದೆ. ಆಗ ಕಾರ್ಖಾನೆಯ ನಿಜವಾದ ವಸೂಲಿ ಈ ಸೂತ್ರದ ಮಿತಿಯನ್ನೇ ಮೀರಿದಂತೆ ಕಾಣುತ್ತದೆ. ಅಂಥ ತಿಂಗಳ ವರದಿ ಬಂದಾಗ ಸಂಭ್ರಮಿಸುವ ಮೊದಲು ಎಂ ಕಾಲಂನಲ್ಲಿ ಯಾವ ಪ್ಯೂರಿಟಿ ಕೂತಿದೆ ಎಂದು ನೋಡಿ.